ಜೂನ್ 1ರಿಂದ ಹಳೇ ಬೈಕ್ ‘ಇದ್ದ ಹಾಗೇ’ ಕೊಡುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಅಣ್ಣಂದಿರಿಗೆ, ಅಕ್ಕಂದಿರಿಗೆ, ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇವೆ. ಜೂನ್ 1ರಿಂದ ನಮ್ಮ ಗೋಣಿಕೊಪ್ಪದ ಅಂಗಡಿಯಲ್ಲಿ ಹಳೇ ಬೈಕನ್ನು ‘ಇದ್ದ ಹಾಗೇ’ ಮಾರುವುದನ್ನು ನಿಲ್ಲಿಸುತ್ತಿದ್ದೇವೆ. ಬ್ರೇಕ್, ಟಯರ್, ಚೈನ್, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್), ಕೇಬಲ್ ಕೆಲಸ ಮುಗಿಯಬೇಕು. ಆರ್‌ಸಿ, ಅಂದರೆ ನೋಂದಣಿ ಪತ್ರ, ನಿಮ್ಮ ಹೆಸರಿಗೆ ಆಗಬೇಕು. ಆಮೇಲೆಯೇ ಬೀಗದ ಕೈ. ಇದರಿಂದ ಬೆಲೆ ಜಾಸ್ತಿಯಾಗುತ್ತದೆ, 100–125 ಸಿಸಿ ಬೈಕಿಗೆ 6,000ದಿಂದ 9,000 ರೂಪಾಯಿವರೆಗೆ. ಬೆಳಿಗ್ಗೆ ನೋಡಿ ಸಂಜೆ ಓಡಿಸಿಕೊಂಡು ಹೋಗುವುದೂ ಇನ್ನು ಆಗುವುದಿಲ್ಲ. ಕಾಲೇಜು ಶುರುವಾಗುವ ಹೊತ್ತಿನಲ್ಲಿ ಹೀಗೆ ಕಾಯಿಸುತ್ತಿರುವುದಕ್ಕೆ ಕ್ಷಮೆ ಇರಲಿ. ಆದರೆ ಈ ನಿರ್ಧಾರದ ಬಗ್ಗೆ ನಮಗೆ ಸಂಕೋಚವಿಲ್ಲ.

ಬಸ್ ಸ್ಟ್ಯಾಂಡ್ ಹತ್ತಿರದ ಹಳೇ ಜಾಗದಿಂದಲೂ ನಮ್ಮನ್ನು ಬಲ್ಲವರಿಗೆ ಅಂಗಡಿಯ ಕಥೆ ಹೇಳಬೇಕಾಗಿಲ್ಲ. ನಾವು ಹೇಗೆ ವ್ಯಾಪಾರ ಮಾಡುತ್ತೇವೆ ಅನ್ನುವುದು ನಿಮಗೆ ಗೊತ್ತು. ಅದಕ್ಕೇ ಈಚೆಗೆ ಪದೇ ಪದೇ ಕೇಳಿಬರುವ ಒಂದು ಮಾತು ಮನಸ್ಸಿಗೆ ನಾಟಿದೆ. ‘ಅದೇ ಬೈಕ್ ಮೊಬೈಲಲ್ಲಿ ಹತ್ತು ಸಾವಿರ ಕಡಿಮೆಗೆ ಇದೆ. ಓಡೇ ಇಲ್ಲವಂತೆ, ಒಂಬತ್ತು ಸಾವಿರ ಕಿಲೋಮೀಟರ್ ಅಷ್ಟೇ. ನೀವು ನಲವತ್ತು ಸಾವಿರ ಓಡಿದ್ದಕ್ಕೆ ಇಷ್ಟು ಕೇಳ್ತೀರಲ್ಲ?’

ಈ ಮಾತಿಗೆ ಕೌಂಟರ್ ಮುಂದೆ ನಿಂತು ಎರಡು ನಿಮಿಷದಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಇಲ್ಲಿ ಕೊಡುತ್ತೇವೆ.

ಕೊಡಗಿನಲ್ಲಿ ‘ಓಡೇ ಇಲ್ಲ’ ಅಂದರೆ ನಾವು ಮೊದಲು ಕೇಳುವುದು, ಮಳೆಗಾಲದಲ್ಲಿ ಎಲ್ಲಿ ನಿಂತಿತ್ತು ಅಂತ. ಮೊನ್ನೆ ಒಂದು ತೋಟದಿಂದ 2014ರ ಸ್ಪ್ಲೆಂಡರ್ ಬಂತು. ಮೀಟರ್‌ನಲ್ಲಿ ಹತ್ತು ಸಾವಿರವೂ ಆಗಿಲ್ಲ, ಟ್ಯಾಂಕಿನ ಬಣ್ಣ ಹೊಳೆಯುತ್ತಿತ್ತು. ಕಾರ್ಬೊರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಇಳಿಸಿದೆವು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಬಾಟಲಿಯ ತಳದಲ್ಲಿ ಬೇರೆಯೇ ಒಂದು ಪದರ, ಕಂದು ನೀರು, ಅದರಲ್ಲಿ ಸಣ್ಣ ಸಣ್ಣ ತುಕ್ಕಿನ ಚೂರು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮೂರಿನಲ್ಲಿ, ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ಶೆಡ್ಡಿನಲ್ಲಿ ನಿಲ್ಲಿಸಿದ ಬೈಕಿನ ಗತಿ ಏನಾಗುತ್ತದೆ ಹೇಳಿ.

ಅದೇ ಬೈಕಿನ ಟಯರ್ ಗ್ರಿಪ್ ನೋಡಲು ಚೆನ್ನಾಗಿಯೇ ಇತ್ತು. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಿದರೆ 1114. ಅಂದರೆ 2014ನೇ ಇಸವಿಯ 11ನೇ ವಾರದಲ್ಲಿ ತಯಾರಾದದ್ದು. ರಬ್ಬರ್ ಮರದ ಹಾಗೆ ಗಟ್ಟಿಯಾಗಿತ್ತು, ಉಗುರು ಒತ್ತಿದರೆ ಇಳಿಯುತ್ತಿರಲಿಲ್ಲ. ಒಣ ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಪಾಚಿ ಹಿಡಿದ ತಿರುವಿನಲ್ಲಿ ಮಳೆ ಬಿದ್ದಾಗ ಗೊತ್ತಾಗುತ್ತದೆ.

ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಒಬ್ಬರು ಒತ್ತಿ ಹಿಡಿದು, ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ಅನ್ನು ನಿಧಾನಕ್ಕೆ ತಿರುಗಿಸಿದೆವು. ಸರಿ ಮಧ್ಯಕ್ಕೆ ಬಂದಾಗ ‘ಟಕ್’ ಅಂತ ಒಂದು ಕಡೆ ಹಿಡಿಯಿತು. ಕೋನ್ ಸೆಟ್ ಹೋಗಿದೆ ಅಂತ ಅರ್ಥ. ಇಂಥ ಬೈಕ್ ತಿರುವಿನಲ್ಲಿ ಹೇಳಿದ ಮಾತು ಕೇಳುವುದಿಲ್ಲ, ಒಂದೇ ಸಮ ಅಲ್ಲಿಂದಿಲ್ಲಿಗೆ ಎಳೆಯುತ್ತದೆ.

ನಮ್ಮ ನಿರ್ಧಾರಕ್ಕೆ ಮುಖ್ಯ ಕಾರಣ ಇದೇ. ವರ್ಷಗಟ್ಟಲೆ ಓಡಿಸಿದವರಿಗೆ ಇಂಥ ಬೈಕ್ ಕೊಟ್ಟರೆ ನೂರು ಮೀಟರ್ ಹೋಗಿ ವಾಪಸ್ ಬಂದು ‘ಏನೋ ಸರಿ ಇಲ್ಲ’ ಅನ್ನುತ್ತಾರೆ. ಈಗಷ್ಟೇ ಲೈಸೆನ್ಸ್ ತೆಗೆದ ಹುಡುಗ ಹಾಗೆ ಹೇಳುವುದಿಲ್ಲ. ಬೈಕ್ ಅಂದರೆ ಹೀಗೇ ಇರುತ್ತದೆ ಅಂದುಕೊಳ್ಳುತ್ತಾನೆ. ಪೊನ್ನಂಪೇಟೆ ಕಾಲೇಜಿಗೆ ಹೋಗುವ ಹುಡುಗಿ ‘ನನಗೇ ಓಡಿಸಲು ಬರುವುದಿಲ್ಲ’ ಅಂತ ಬೈಕನ್ನೇ ಮೂಲೆಗೆ ನಿಲ್ಲಿಸಿಬಿಡುತ್ತಾಳೆ. ಕ್ಲಚ್ ಕೇಬಲ್ ತುಕ್ಕು ಹಿಡಿದು ಬಿಗಿಯಾಗಿದ್ದರೆ ಗಾಡಿ ಜಗ್ಗಿ ಜಗ್ಗಿ ಹೋಗುತ್ತದೆ, ಬಯ್ಯಿಸಿಕೊಳ್ಳುವುದು ಮಾತ್ರ ಕಲಿಯುತ್ತಿರುವವರು. ಕಲಿಯುವವರಿಗೇ ಎಲ್ಲಕ್ಕಿಂತ ಒಳ್ಳೇ ಸ್ಥಿತಿಯ ಬೈಕ್ ಬೇಕು. ಆದರೆ ನಮ್ಮ ಮನೆಗಳಲ್ಲಿ ‘ಹೇಗೂ ಬೀಳಿಸ್ತಾನೆ, ಯಾವುದಾದರೂ ಸಾಕು’ ಅಂತ ಅವರಿಗೇ ಎಲ್ಲಕ್ಕಿಂತ ಕೆಟ್ಟದ್ದನ್ನು ಕೊಡಿಸುವ ರೂಢಿ ಇದೆ.

ದಿನಾ ಓಡಿ, ಕಾಲಕಾಲಕ್ಕೆ ಆಯಿಲ್ ಬದಲಾಗಿ, ಸರ್ವಿಸ್ ಬಿಲ್ ಇಟ್ಟುಕೊಂಡಿರುವ ನಲವತ್ತು ಸಾವಿರ ಕಿಲೋಮೀಟರ್‌ನ ಬೈಕನ್ನೇ ನಾವು ಆರಿಸುತ್ತೇವೆ. ನಮ್ಮ ಮನೆ ಮಕ್ಕಳಿಗೂ ಅದನ್ನೇ ಕೊಡುತ್ತೇವೆ. ಮೀಟರ್ ಅಂಕಿಯನ್ನು ಯಾರು ಬೇಕಾದರೂ ತಿರುಗಿಸಬಹುದು. ಫುಟ್‌ರೆಸ್ಟ್ ರಬ್ಬರ್, ಗೇರ್ ಪೆಡಲ್ ಸವೆದಿದ್ದನ್ನು ಮುಚ್ಚಿಡುವುದು ಅಷ್ಟು ಸುಲಭವಲ್ಲ.

ಇನ್ನು ದುಡ್ಡಿನ ಮಾತು. ಇಲ್ಲಿ ನಮಗೆ ನಿಜವಾಗಿ ಬೇಜಾರಾಗಿದೆ.

ಹಳೇ ಬೈಕ್ ಮಾರುವ ನೋಂದಾಯಿತ ಅಂಗಡಿಗೆ 2025ರ ಜನವರಿಯಿಂದ ಜಿಎಸ್‌ಟಿ ಶೇ 12ರಿಂದ ಶೇ 18ಕ್ಕೆ ಏರಿದೆ. ಇದು ಪೂರ್ತಿ ಬೆಲೆಯ ಮೇಲಲ್ಲ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸದ ಮೇಲೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ 28,000ಕ್ಕೆ ಕೊಂಡ ಬೈಕನ್ನು 40,000ಕ್ಕೆ ಮಾರಿದರೆ ಆ 12,000ದೊಳಗೇ ಟಯರ್, ಚೈನ್ ಸೆಟ್, ಬ್ಯಾಟರಿ, ಮೆಕ್ಯಾನಿಕ್ ಕೂಲಿ, ಹೆಸರು ಬದಲಾವಣೆ ಖರ್ಚು ಎಲ್ಲ ಇದೆ. ಟ್ಯಾಕ್ಸಿನ ಲೆಕ್ಕಕ್ಕೆ ಮಾತ್ರ ಅದಿಷ್ಟೂ ವ್ಯತ್ಯಾಸವೇ. 12,000ಕ್ಕೆ 2,160 ರೂಪಾಯಿ. ಮುಂಚೆ ಇದೇ 1,440 ಇತ್ತು. ಟ್ಯೂಬ್ ಸೇರಿ ಒಂದು ಜೊತೆ ಟಯರಿಗೆ ನಮಗೆ 3,000ದ ಮೇಲೆ ಬೀಳುತ್ತದೆ, ಚೈನ್ ಮತ್ತು ಸ್ಪ್ರಾಕೆಟ್‌ಗೆ ಸುಮಾರು ಸಾವಿರ, ಬ್ಯಾಟರಿಗೆ ಇನ್ನೊಂದು ಸಾವಿರ. ಮೊಬೈಲಿನಲ್ಲಿ ಸ್ವಂತ ಬೈಕ್ ಮಾರುವವರಿಗೆ ಈ ಯಾವುದೂ ಇಲ್ಲ. ಅವರದ್ದು ತಪ್ಪಲ್ಲ. ಅವರ ಬೆಲೆ ತೋರಿಸಿ ನಮ್ಮನ್ನು ಸುಲಿಗೆ ಮಾಡುವವರು ಅಂದರೆ ಮಾತ್ರ ಒಪ್ಪುವುದಿಲ್ಲ.

‘ಹೊಸ ಬೈಕಿನ ಟ್ಯಾಕ್ಸ್ ಇಳಿಯಿತಲ್ಲ’ ಅನ್ನುತ್ತೀರಿ. ಹೌದು, 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಹೊಸ ಬೈಕಿಗೆ ಶೇ 28 ಇದ್ದದ್ದು ಶೇ 18 ಆಯಿತು. ಬಿಡಿಭಾಗಕ್ಕೂ ಇಳಿದಿದೆ, ಆ ಉಳಿತಾಯವನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಯೇ ಹೇಳಿದ್ದೇವೆ. ಕೈಯಲ್ಲಿ ದುಡ್ಡಿದ್ದು, ಸಾಲದ ಕಂತು ಹೊರೆಯಲ್ಲ ಅಂದರೆ ಹೊಸದನ್ನೇ ತೆಗೆದುಕೊಳ್ಳಿ, ಖಂಡಿತ ಬೇಜಾರಿಲ್ಲ. ಆದರೆ ಕಲಿಯುವ ಮೊದಲ ವರ್ಷ ತೋಟದ ಮಣ್ಣು ದಾರಿಯಲ್ಲಿ ಒಂದೆರಡು ಸಲ ಬೈಕ್ ಅಡ್ಡ ಬೀಳುವುದು ಇದ್ದದ್ದೇ. ಆಗ ಲಿವರ್ ಬಗ್ಗಿದರೆ, ಇಂಡಿಕೇಟರ್ ಒಡೆದರೆ ಮನೆಯಲ್ಲಿ ರಂಪವಾಗಬಾರದು ಅಲ್ವಾ? ಚೆನ್ನಾಗಿ ನೋಡಿಕೊಂಡ ಹಳೇ ಬೈಕ್ ಆ ಒಂದು ವರ್ಷಕ್ಕೆ ಸರಿಯಾದದ್ದು.

ಆರ್‌ಸಿ ವಿಷಯ. ‘ಹೆಸರು ಆಮೇಲೆ ಮಾಡಿಸ್ತೇವೆ, ಬೈಕ್ ಈಗ ಕೊಡಿ’ ಅಂತ ತುಂಬಾ ಜನ ಕೇಳುತ್ತಾರೆ. ಇನ್ನು ಆಗುವುದಿಲ್ಲ. ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯೇ ಹೇಳುತ್ತದೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬೈಕನ್ನು ನಂಬಿ ನಮ್ಮ ಕೈಗೆ ಕೊಟ್ಟ ಹಳೇ ಮಾಲೀಕರೂ ನಮ್ಮ ಗ್ರಾಹಕರೇ, ಅವರ ತಲೆ ಮೇಲೆ ಈ ಭಾರ ಬಿಟ್ಟು ಕೂರಲು ಆಗದು. ಇನ್ಶೂರೆನ್ಸ್ ಕೂಡ ನಿಮ್ಮ ಹೆಸರಿಗೆ ಆಗಬೇಕು. ತಡವಾಗುವುದು ಹೆಚ್ಚಾಗಿ ಮೊಬೈಲ್ ನಂಬರಿನಿಂದ. ಒಟಿಪಿ ಹಳೇ ಮಾಲೀಕರ ನಂಬರಿಗೆ ಹೋಗುತ್ತದೆ, ಅವರು ಸಿಮ್ ಬದಲಿಸಿ ಯಾವುದೋ ಕಾಲವಾಗಿರುತ್ತದೆ. ಅದನ್ನು ಸರಿಮಾಡಿಸಲು ನಾವೇ ಮಡಿಕೇರಿಗೆ ಓಡಾಡುತ್ತೇವೆ, ನೀವು ರಜೆ ಹಾಕಬೇಕಾಗಿಲ್ಲ.

ಟ್ಯಾಂಕಿನ ಮೇಲೆ ‘ಹೀರೋ ಹೋಂಡಾ’ ಅಂತ ಇರುವ ಬೈಕ್ ಕೇಳುವವರಿಗೆ ಒಂದು ಮಾತು. ಆ ಎರಡು ಕಂಪನಿ ಬೇರೆಯಾಗಿದ್ದು 2010–11ರಲ್ಲಿ. ಹಾಗಾಗಿ ಅಂಥ ಬೈಕೆಲ್ಲ 15 ವರ್ಷದ ಆಸುಪಾಸಿನವು ಇಲ್ಲವೇ ಅದನ್ನು ದಾಟಿದವು. 15 ವರ್ಷವಾದರೆ ಗುಜರಿಗೇ ಹಾಕಬೇಕು ಅನ್ನುವುದು ದೆಹಲಿ ಕಡೆಯ ನಿಯಮದಿಂದ ಹುಟ್ಟಿದ ಗಾಳಿಸುದ್ದಿ. ನಮ್ಮಲ್ಲಿ ಬೈಕನ್ನು ತಪಾಸಣೆ ಮಾಡಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ, ಆರ್‌ಸಿಯನ್ನು 5 ವರ್ಷಕ್ಕೆ ನವೀಕರಿಸಬಹುದು. ಆದರೆ ಶುಲ್ಕ ಮುಂಚಿನಂತಿಲ್ಲ. 300 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 1,000 ಆಗಿದೆ. 20 ವರ್ಷ ದಾಟಿದ ಬೈಕಿಗೆ 2025ರ ಆಗಸ್ಟ್‌ನಿಂದ 2,000. ಇದನ್ನೂ ನಾವೇ ಕಟ್ಟಿ ಬೆಲೆಯಲ್ಲಿ ತೋರಿಸುತ್ತೇವೆ. ಕೇರಳ ನಂಬರಿನ ಬೈಕ್ ಇನ್ನು ತೆಗೆದುಕೊಳ್ಳುವುದಿಲ್ಲ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತರಿಸಿ, ಇಲ್ಲಿ ಟ್ಯಾಕ್ಸ್ ಕಟ್ಟಿ, ಕೊಡಗಿನ ಕೆಎ-12 ನಂಬರ್ ಮಾಡಿಸುವ ಹೊತ್ತಿಗೆ ಯಾರಿಗೂ ಗಿಟ್ಟುವುದಿಲ್ಲ.

ಮೊದಲ ಬೈಕಿಗೆ ನಾವು ತೋರಿಸುವುದು ಸ್ಪ್ಲೆಂಡರ್, ಪ್ಯಾಶನ್, ಶೈನ್, ಸ್ವಲ್ಪ ಎತ್ತರದವರಿಗೆ ಯೂನಿಕಾರ್ನ್. ಆರ್‌ಎಕ್ಸ್ 100 ಕೇಳಿಕೊಂಡು ಬರುವ ಹುಡುಗರಿಗೆ ಬೇಡ ಅಂತಲೇ ಹೇಳುತ್ತೇವೆ. ಹಗುರ ಗಾಡಿ, ಏಕ್‌ದಂ ಎಳೆತ, ತಯಾರಿಕೆ ನಿಂತದ್ದು 1996ರಲ್ಲಿ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಮೇಲೆ ನಮಗೂ ಪ್ರೀತಿ ಇದೆ, ಕಲಿಯಲು ಮಾತ್ರ ಅದಲ್ಲ. ಬುಲೆಟ್ ಆಸೆ ಇರುವವರು ಒಂದು ವರ್ಷ ತಡೆಯಿರಿ. 190 ಕಿಲೋ ತೂಕದ ಗಾಡಿಯನ್ನು ಇಳಿಜಾರಿನ ಅಂಗಳದಲ್ಲಿ ಹಿಂದಕ್ಕೆ ತಳ್ಳಿ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ನಾವು ಸರಿಮಾಡಲು ಆಗದ್ದನ್ನೂ ಹೇಳಿಬಿಡುತ್ತೇವೆ. 2019ರ ಏಪ್ರಿಲ್‌ಗೆ ಮುಂಚಿನ ಹೆಚ್ಚಿನ ಬೈಕುಗಳಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ, ಎರಡು ಬ್ರೇಕನ್ನು ಒಟ್ಟಿಗೆ ಹಿಡಿಯುವ ಸಿಬಿಎಸ್ ಕೂಡ ಇಲ್ಲ. ಅದಕ್ಕೇ ಟಯರ್, ಬ್ರೇಕ್ ಶೂ ವಿಷಯದಲ್ಲಿ ನಾವು ಚೌಕಾಸಿಗೆ ಬಗ್ಗುವುದಿಲ್ಲ. ತುಂಬಾ ಹಳೇ 100 ಸಿಸಿ ಬೈಕಿನ ಹೆಡ್‌ಲೈಟ್ ಎಂಜಿನ್ ನಿಧಾನವಾದಾಗ ಮಂಕಾಗುತ್ತದೆ. ಮಂಜು ಬಿದ್ದ ಸಂಪಾಜೆ ಘಾಟಿಗೆ ಅಂಥದ್ದನ್ನು ಕಲಿಯುವವರು ಕತ್ತಲಲ್ಲಿ ಒಯ್ಯಬೇಡಿ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬಿಡಿಸಿ. ಗೇರಿನಲ್ಲಿದ್ದರೆ ಎಂಜಿನ್ನೇ ಅರ್ಧ ಬ್ರೇಕ್ ಹಿಡಿಯುತ್ತದೆ.

ಇಷ್ಟೆಲ್ಲ ಓದಿದ ಮೇಲೂ ಹೊರಗೇ ಕೊಳ್ಳುತ್ತೇವೆ ಅಂದರೆ ಕೊಳ್ಳಿ. ಎಂಜಿನ್ ತಣ್ಣಗಿರುವಾಗ ಹೋಗಿ ನೋಡಿ. ನೀವು ಹೋಗುವ ಮುಂಚೆಯೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ, ‘ಇನ್ನೊಮ್ಮೆ ಬರ್ತೇವೆ’ ಅಂತ ಎದ್ದು ಬನ್ನಿ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಅಂತ. ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಜೊತೆ ನೀವೇ ಓದಿ ಹೊಂದಿಸಿ. ಸ್ಟ್ಯಾಂಡ್ ಹತ್ತಿರ, ಬ್ಯಾಟರಿ ಡಬ್ಬದ ಕೆಳಗೆ ಚಾಸಿಸ್ ತುಕ್ಕು ಹಿಡಿದಿದೆಯಾ ಟಾರ್ಚ್ ಬಿಟ್ಟು ನೋಡಿ. 2018, 2019ರ ಪ್ರವಾಹದಲ್ಲಿ ಮುಳುಗಿದ ಗಾಡಿಗಳು ಬಣ್ಣ ಬಳಿದುಕೊಂಡು ಇನ್ನೂ ಕೈ ಬದಲಾಗುತ್ತಿವೆ. ಅನುಮಾನ ಇದ್ದರೆ ದುಡ್ಡು ಕೊಡುವ ಮುಂಚೆ ನಮ್ಮ ಹತ್ತಿರ ತನ್ನಿ. ನೋಡಿ ಹೇಳುವುದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೇ ಬೆಲೆಯೇ, ಕೆಲಸ ಮಾತ್ರ ಹೊಸ ರೀತಿಯದು. ಬೇಡ ಅನಿಸಿದರೆ ಅಡ್ವಾನ್ಸ್ ಪೂರ್ತಿ ವಾಪಸ್. ಪ್ರತಿ ಬೈಕಿಗೂ ಏನೇನು ಬದಲಿಸಿದ್ದೇವೆ ಅಂತ ಒಂದು ಚೀಟಿ ಕೊಡುತ್ತೇವೆ, ಬಿಚ್ಚಿದ ಹಳೇ ಸಾಮಾನನ್ನು ಚೀಲದಲ್ಲಿ ಇಟ್ಟು ತೋರಿಸುತ್ತೇವೆ. 1,000 ಕಿಲೋಮೀಟರ್ ಆದ ಮೇಲೆ ಒಮ್ಮೆ ತನ್ನಿ, ಚೈನ್ ಬಿಗಿ ಮಾಡಿ ಕೇಬಲ್‌ಗೆ ಆಯಿಲ್ ಹಾಕಿ ಕೊಡುತ್ತೇವೆ, ಅದಕ್ಕೆ ಬಿಲ್ ಇಲ್ಲ. ತಿತಿಮತಿ ಕಾಡಿನ ದಾರಿಯಲ್ಲಿ ಕತ್ತಲಾದ ಮೇಲೆ ಗಾಡಿ ಕೈಕೊಟ್ಟರೆ ಏನು ಕಷ್ಟ ಅಂತ ಆನೆ ಓಡಾಡುವ ಊರಿನವರಿಗೆ ಹೇಳಬೇಕಾ? ನಮ್ಮಿಂದ ಹೋದ ಬೈಕ್ ಅಲ್ಲಿ ನಿಂತರೆ ಯಾವ ಹೊತ್ತಾದರೂ ಫೋನ್ ಮಾಡಿ, ಪಿಕಪ್ ತೆಗೆದುಕೊಂಡು ನಾವೇ ಬರುತ್ತೇವೆ.

ಕೊನೆಯದಾಗಿ ಒಂದು ವಿನಂತಿ. ಅಪ್ಪನೋ ಮಾವನೋ ಒಬ್ಬರೇ ಬಂದು ಬೈಕ್ ಆರಿಸಿಕೊಂಡು ಹೋಗುವುದು ಬೇಡ. ಓಡಿಸುವವರನ್ನು ಕರೆದುಕೊಂಡು ಬನ್ನಿ. ಕಾಲು ನೆಲಕ್ಕೆ ಊರುತ್ತದಾ, ಕ್ಲಚ್ ಲಿವರ್ ಕೈಗೆ ಸಿಗುತ್ತದಾ ಅಂತ ಅವರೇ ಕೂತು ನೋಡಬೇಕು. ಸಂತೆ ದಿನ ಅಂಗಡಿಯಲ್ಲಿ ಗಲಾಟೆ ಜಾಸ್ತಿ, ನಿಧಾನವಾಗಿ ತೋರಿಸಲು ಆಗುವುದಿಲ್ಲ. ಬೇರೆ ದಿನ ಬೆಳಿಗ್ಗೆ ಬನ್ನಿ, ಬರುವಾಗ ಐಎಸ್‌ಐ ಗುರುತಿನ ಹೆಲ್ಮೆಟ್ ತನ್ನಿ. ಅದಿಲ್ಲದೆ ಟ್ರಯಲ್‌ಗೆ ಕೊಡುವುದಿಲ್ಲ.

ಇಂತಿ ನಿಮ್ಮ,
ಅಂಗಡಿಯವರು ಮತ್ತು ಮೆಕ್ಯಾನಿಕ್ ಹುಡುಗರು
ಗೋಣಿಕೊಪ್ಪ