ಮಗಳಿಗೊಂದು ಪತ್ರ: ಮೇಡನ್ ವೇದಿಕೆಗೆ ಬರುವ ಮುಂಚೆ

ಪ್ರೀತಿಯ ಪುಟ್ಟೀ,

ಫೆಸ್ಟಿವಲಿನ ಪೋಸ್ಟರಿನಲ್ಲಿ ಎಲ್ಲರಿಗಿಂತ ಮೇಲೆ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಹೆಸರು ಬಂದಾಗಿನಿಂದ ನಿನಗೆ ಬೇರೆ ಧ್ಯಾನವೇ ಇಲ್ಲ. ಈ ಬ್ಯಾಂಡಿನ ಹುಚ್ಚು ನಿನಗಿಂತ ಮೊದಲು ಹಿಡಿದದ್ದು ನನಗೆ. ಹಾಗಾಗಿ ಆ ಚಡಪಡಿಕೆ ಎಂಥದ್ದು ಅಂತ ಚೆನ್ನಾಗಿ ಬಲ್ಲೆ. ಫೋನಿನಲ್ಲಿ ಕೂತರೆ ನಾವಿಬ್ಬರೂ ಹಾಡುಗಳ ಮಾತಿಗೇ ಹೊರಳಿಬಿಡುತ್ತೇವೆ, ಹೇಳಬೇಕಾದ್ದು ಬಾಕಿ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೆಡ್‌ಲೈನರನ್ನು, ಅಂದರೆ ಕೊನೆಗೆ ನುಡಿಸುವ ಮುಖ್ಯ ಬ್ಯಾಂಡನ್ನು, ನೋಡಲು ಹೋಗುವವರು ಎಷ್ಟೋ ಸಲ ಇಡೀ ದಿನವನ್ನು ರಾತ್ರಿಯ ಆ ಎರಡು ತಾಸುಗಳಿಗೆ ಅಡವಿಟ್ಟುಬಿಡುತ್ತಾರೆ. ಗೇಟು ತೆಗೆದ ಕೂಡಲೇ ಓಡಿ ಬ್ಯಾರಿಕೇಡ್ ಹಿಡಿಯುತ್ತಾರೆ. ಜಾಗ ಹೋದೀತೆಂದು ಊಟ ಬಿಡುತ್ತಾರೆ, ಬಾತ್‌ರೂಮಿಗೆ ಹೋಗಬೇಕಾದೀತೆಂದು ನೀರನ್ನೂ ಬಿಡುತ್ತಾರೆ. ಕತ್ತಲಾಗುವ ಹೊತ್ತಿಗೆ ತಲೆ ಸುತ್ತಿ, ಸೆಕ್ಯುರಿಟಿಯವರು ಎತ್ತಿ ಆಚೆ ಕರೆದೊಯ್ಯಬೇಕಾಗುತ್ತದೆ. ಇಷ್ಟು ದಿನ ಕಾದದ್ದೆಲ್ಲ ಆಗ ಯಾರ ಪಾಲಿಗೆ? ನೀನು ಕಾಯಬೇಕು, ಆದರೆ ಮೈಯಲ್ಲಿ ಕಸುವು ಉಳಿಸಿಕೊಂಡು ಕಾಯಬೇಕು.

ಹಗಲಿನ ಬ್ಯಾಂಡುಗಳನ್ನು ತಪ್ಪಿಸಿಕೊಳ್ಳಬೇಡ. ಅವರಿಗೆ ಲೈಟಿಂಗಿನ ಆಸರೆ ಇರುವುದಿಲ್ಲ, ಸಿಗುವುದು ಅರ್ಧ ಮುಕ್ಕಾಲು ಗಂಟೆ, ಎದುರಿಗಿರುವವರಲ್ಲಿ ಎಷ್ಟೋ ಜನ ಬೇರೆ ಯಾರಿಗೋ ಕಾಯುತ್ತಿರುತ್ತಾರೆ. ಅಂಥದ್ದರಲ್ಲೂ ಜೀವ ಬಿಟ್ಟು ನುಡಿಸುತ್ತಾರೆ. 1980ರ ಆಗಸ್ಟಿನಲ್ಲಿ ಇಂಗ್ಲೆಂಡಿನ ರೀಡಿಂಗ್ ಫೆಸ್ಟಿವಲಿಗೆ ಹೋದಾಗ ಮೇಡನ್ ಕೂಡ ಹೆಡ್‌ಲೈನರ್ ಆಗಿರಲಿಲ್ಲ. ಆ ಶನಿವಾರದ ರಾತ್ರಿ ಯುಎಫ್‌ಒ ಬ್ಯಾಂಡಿನದಾಗಿತ್ತು. ಮೇಡನ್ ಅವರಿಗಿಂತ ಮುಂಚೆ ನುಡಿಸಿ ಕೆಳಗಿಳಿದರು. 1982ರಲ್ಲಿ ಅದೇ ರೀಡಿಂಗಿಗೆ ಹೆಡ್‌ಲೈನರ್ ಆಗಿ ಮರಳಿದರು. ನೀನು ಮಧ್ಯಾಹ್ನ ಮೂರಕ್ಕೆ ನೋಡುವ ಯಾವುದೋ ಬ್ಯಾಂಡಿಗೂ ಅಂಥ ದಿನ ಬರಬಹುದು. ಅವರಿಗೂ ಗಟ್ಟಿಯಾಗಿ ಕೂಗು, ಗಂಟಲು ಮಾತ್ರ ಕೊಂಚ ಉಳಿಸಿಕೋ.

ಆಮೇಲೆ ಬರುತ್ತದೆ ನೋಡು, ಇಡೀ ದಿನದಲ್ಲಿ ನನಗೆ ತೀರಾ ಇಷ್ಟವಾದ ಹೊತ್ತು. ಹಿಂದಿನ ಬ್ಯಾಂಡ್ ಇಳಿದಿರುತ್ತದೆ, ಮೇಡನ್ ಇನ್ನೂ ಬಂದಿರುವುದಿಲ್ಲ. ಬಹಳ ಜನ ಆಗ ಫೋನ್ ನೋಡುತ್ತಾ ನಿಲ್ಲುತ್ತಾರೆ. ನೀನು ವೇದಿಕೆ ನೋಡು. ಕಪ್ಪು ಟೀ ಶರ್ಟಿನ ಕೆಲಸಗಾರರು ಚಕ್ರದ ಹಲಗೆಯ ಮೇಲಿದ್ದ ಡ್ರಮ್ ಸೆಟ್ಟನ್ನು ಹಾಗೆ ಹಾಗೇ ತಳ್ಳಿಕೊಂಡು ಹೋಗುತ್ತಾರೆ, ಕೇಬಲ್ ಸುತ್ತುತ್ತಾರೆ, ನೆಲಕ್ಕೆ ಟೇಪ್ ಅಂಟಿಸುತ್ತಾರೆ. ಒಬ್ಬ ಡ್ರಮ್ಮುಗಳನ್ನು ಒಂದೊಂದಾಗಿ ಬಡಿಯುತ್ತಾನೆ. ಮೊದಲು ಕಾಲಿನ ದೊಡ್ಡ ಡ್ರಮ್ಮು, ಆ ಹೊಡೆತ ಮೈದಾನ ದಾಟಿ ಬಂದು ನಿನ್ನ ಎದೆಗೂಡಿಗೇ ಬಡಿಯುತ್ತದೆ. ಇನ್ನೊಬ್ಬ ಗಿಟಾರಿನ ಒಂದೇ ತಂತಿ ಮೀಟಿ ಸುಮ್ಮನಾಗುತ್ತಾನೆ. ಅಷ್ಟಕ್ಕೇ ಜನ ಹೋ ಎನ್ನುತ್ತಾರೆ. ನೀನೂ ಅನ್ನು. ವರ್ಷವಿಡೀ ಊರೂರು ಸುತ್ತಿ ಆ ಭಾರವನ್ನೆಲ್ಲ ಹೊರುವವರು ಅವರೇ, ಯಾರ ಪೋಸ್ಟರಿನಲ್ಲೂ ಅವರ ಹೆಸರಿರುವುದಿಲ್ಲ.

ಕೊನೆಗೆ ಸ್ಪೀಕರುಗಳಲ್ಲಿ 'ಡಾಕ್ಟರ್ ಡಾಕ್ಟರ್' ಶುರುವಾಗುತ್ತದೆ. ಅದು ಯುಎಫ್‌ಒ ಬ್ಯಾಂಡಿನ 1974ರ ಹಾಡು. ಹೌದು, ರೀಡಿಂಗಿನಲ್ಲಿ ಮೇಡನ್ ಯಾರಿಗಿಂತ ಮುಂಚೆ ನುಡಿಸಿ ಇಳಿದರೋ ಅದೇ ಯುಎಫ್‌ಒ. ಮೇಡನ್ ಕಟ್ಟಿದ ಬಾಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್‌ಗೆ ಅವರ ಮೇಲೆ ಮೊದಲಿನಿಂದಲೂ ಪ್ರೀತಿ. ವರ್ಷಗಳಿಂದ ಮೇಡನ್ ವೇದಿಕೆ ಏರುವ ಮುಂಚೆ ಈ ಹಾಡನ್ನು ಹಾಕಿಸುತ್ತಾರೆ. ಹೊಸಬರಿಗೆ ಅದು ಹೊತ್ತು ಕಳೆಯಲು ಹಾಕಿದ ಯಾವುದೋ ಹಳೆಯ ಹಾಡು. ಗೊತ್ತಿರುವವರಿಗೆ ಮೊದಲ ಸ್ವರಕ್ಕೇ ರೋಮಾಂಚ. ಅಲ್ಲಿಯತನಕ ಹುಲ್ಲಿನ ಮೇಲೆ ಕೂತಿದ್ದವರೆಲ್ಲ ಎದ್ದು ನಿಲ್ಲುತ್ತಾರೆ, ಗುರುತಿಲ್ಲದವರು ಹೆಗಲ ಮೇಲೆ ಕೈ ಹಾಕಿ ಜೊತೆಗೆ ಹಾಡುತ್ತಾರೆ. ವೇದಿಕೆ ಇನ್ನೂ ಖಾಲಿ, ಆದರೂ ಅಷ್ಟೂ ಜನರ ದನಿ ಒಂದಾಗಿರುತ್ತದೆ. ನಾನು ಅದರೊಳಗೆ ನಿಂತಿದ್ದೇನೆ ಪುಟ್ಟೀ. ಯಾವ ರೆಕಾರ್ಡಿನಲ್ಲೂ ಸಿಗದ ಆ ಕೆಲವು ನಿಮಿಷಗಳನ್ನು ಪೂರ್ತಿ ಅನುಭವಿಸು.

ಬರುವವರು ಯಾರು ಅನ್ನುವುದನ್ನೂ ಮನಸ್ಸಿನಲ್ಲಿಟ್ಟುಕೋ. ಹ್ಯಾರಿಸ್ ಈ ಬ್ಯಾಂಡ್ ಕಟ್ಟಿದ್ದು 1975ರಲ್ಲಿ, ಅವರು ಹುಟ್ಟಿದ್ದು 1956ರಲ್ಲಿ. ಹಾಡುವ ಬ್ರೂಸ್ ಡಿಕಿನ್ಸನ್‌ಗೆ 2015ರಲ್ಲಿ ನಾಲಿಗೆಯ ಹಿಂಬದಿಯ ಕ್ಯಾನ್ಸರಿಗೆ ಚಿಕಿತ್ಸೆಯಾಯಿತು. ಒಬ್ಬ ಹಾಡುಗಾರನಿಗೆ ಅದಕ್ಕಿಂತ ದೊಡ್ಡ ಪೆಟ್ಟು ಯಾವುದಿದೆ? ಚಿಕಿತ್ಸೆ ಮುಗಿಸಿ ಮರುವರ್ಷವೇ ಟೂರಿಗೆ ಹೊರಟರು, ಬ್ಯಾಂಡಿನ ದೊಡ್ಡ ವಿಮಾನವನ್ನು ತಾವೇ ಹಾರಿಸಿಕೊಂಡು. ನಿಕೋ ಮೆಕ್‌ಬ್ರೇನ್ 2023ರಲ್ಲಿ ಪಾರ್ಶ್ವವಾಯು ಬಡಿದ ಮೇಲೂ ಮತ್ತೆ ಡ್ರಮ್ಸ್ ಹಿಂದೆ ಕೂತು, 2024ರ ಡಿಸೆಂಬರಿನಲ್ಲಿ ಟೂರಿಂಗಿಗೆ ವಿದಾಯ ಹೇಳಿದರು. ಈಗ ಆ ಜಾಗದಲ್ಲಿ ಸೈಮನ್ ಡಾಸನ್ ಇದ್ದಾರೆ. ಹಾಗಾಗಿ ನಿನ್ನ ಹೆಡ್‌ಫೋನಿನಲ್ಲಿರುವ 1982ರ ಹಾಡು ಹಾಗ್ಹಾಗೇ ಬರಲಿ ಅಂತ ನಿರೀಕ್ಷಿಸಬೇಡ. ಎಲ್ಲೋ ಒಂದು ಕಡೆ ದನಿ ಮುಂಚಿನಷ್ಟು ಮೇಲೆ ಏರದಿರಬಹುದು. ಏರಿದಷ್ಟೂ ಬಂಗಾರ. ಬ್ಲ್ಯಾಕ್ ಸಬ್ಬತ್ ಎಂಬ ಹಳೆಯ ಮೆಟಲ್ ಬ್ಯಾಂಡಿನ ಹಾಡುಗಾರ ಆಜಿ ಆಸ್ಬರ್ನ್ 2025ರ ಜುಲೈ 5ರಂದು ತಮ್ಮ ಊರಾದ ಬರ್ಮಿಂಗ್‌ಹ್ಯಾಮಿನಲ್ಲಿ ಕೂತಲ್ಲೇ ಹಾಡಿ ಅಭಿಮಾನಿಗಳನ್ನು ಬೀಳ್ಕೊಟ್ಟರು, 22ಕ್ಕೆ ತೀರಿಕೊಂಡರು. ಅಂದು ಆ ಮೈದಾನದಲ್ಲಿದ್ದವರ ಪುಣ್ಯ ನನಗೆ ಸಿಗಲಿಲ್ಲ.

2025ರಲ್ಲಿ ಶುರುವಾದ ಈ ಟೂರಿನಲ್ಲಿ ಫೋನ್ ಎತ್ತಿ ಹಿಡಿಯುವುದನ್ನು ಕಡಿಮೆ ಮಾಡಿ ಅಂತ ಮೇಡನ್ ಕಡೆಯವರೇ ಅಭಿಮಾನಿಗಳನ್ನು ಕೇಳಿಕೊಂಡಿದ್ದಾರೆ. ನನಗೆ ವಿಡಿಯೋ ಬೇಡ. ಕೇಳಿದ್ದನ್ನು ನಿನ್ನ ಬಾಯಲ್ಲಿ ಕೇಳುವುದೇ ನನಗಿಷ್ಟ.

ಇನ್ನು ತಾಯಿಯಾಗಿ ಹೇಳಲೇಬೇಕಾದ್ದು. 1988ರಲ್ಲಿ ಇಂಗ್ಲೆಂಡಿನ ಡಾನಿಂಗ್ಟನ್‌ನ ಫೆಸ್ಟಿವಲಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು, ಹೆಡ್‌ಲೈನರ್ ಮೇಡನ್ನೇ. ಅವತ್ತು ಮಧ್ಯಾಹ್ನ, ಬೇರೊಂದು ಬ್ಯಾಂಡ್ ನುಡಿಸುತ್ತಿದ್ದಾಗ, ನೂಕುನುಗ್ಗಲಿನಲ್ಲಿ ಇಬ್ಬರು ಹುಡುಗರು ಕೆಸರಿಗೆ ಬಿದ್ದು ಮೇಲೇಳಲಿಲ್ಲ. ಅವರೂ ನಿನ್ನ ಹಾಗೆ ದಿನ ಎಣಿಸಿ ಬಂದವರೇ. ಜನ ಒತ್ತೊತ್ತಾಗಿ ನಿಂತಾಗ ಎದೆ ಹಿಗ್ಗಲು ಜಾಗವಿರುವುದಿಲ್ಲ, ನಿಂತಲ್ಲೇ ಉಸಿರು ಕಟ್ಟುತ್ತದೆ. ಒಂದು ಚದರ ಮೀಟರಿನಲ್ಲಿ ಐದಾರು ಜನ ತುಂಬಿದರೆಂದರೆ ಗುಂಪು ನೀರಿನ ಹಾಗೆ ಅಲೆಯಾಡಲು ತೊಡಗುತ್ತದೆ, ನಿನ್ನ ಕಾಲು ನಿನ್ನ ಮಾತು ಕೇಳುವುದಿಲ್ಲ. ಹಾಗೆ ಅನ್ನಿಸಿದ ಮೊದಲ ಕ್ಷಣದಲ್ಲೇ ಹೊರಡು. ಮೊಣಕೈ ಮಡಚಿ ಎರಡೂ ಕೈ ಎದೆಯ ಮುಂದೆ ಅಡ್ಡ ಇಟ್ಟುಕೋ, ಅಲೆಗೆ ಎದುರಾಗಿ ತಳ್ಳಬೇಡ. ಒತ್ತಡ ಸಡಿಲವಾದಾಗಲೆಲ್ಲ ಓರೆಯಾಗಿ ಅಂಚಿನ ಕಡೆ ಸರಿ. ಫೋನ್ ಬಿದ್ದರೆ ಬೀಳಲಿ, ಬಗ್ಗಬೇಡ.

ನನ್ನ ಕೇಳಿದರೆ ಬ್ಯಾರಿಕೇಡಿಗಿಂತ ಮಿಕ್ಸಿಂಗ್ ಡೆಸ್ಕಿನ ಆಸುಪಾಸು ಒಳ್ಳೆಯ ಜಾಗ. ಸೌಂಡ್ ಇಂಜಿನಿಯರ್ ಅಲ್ಲಿ ನಿಂತು ಕೇಳಿಯೇ ಎಲ್ಲವನ್ನೂ ಹದ ಮಾಡುವುದು. ಮೂರು ಗಿಟಾರುಗಳೂ ಬೇರೆ ಬೇರೆಯಾಗಿ ಕೇಳುತ್ತವೆ, ಬ್ಯಾಂಡಿನ ಲಾಂಛನವಾದ ಆ ದೈತ್ಯ ಬೊಂಬೆ ಎಡ್ಡಿ ನಡೆದು ಬಂದಾಗ ಅಡಿಯಿಂದ ಮುಡಿಯವರೆಗೂ ಕಾಣುತ್ತಾನೆ. ಜನ ಒಬ್ಬರನ್ನೊಬ್ಬರು ಡಿಕ್ಕಿ ಹೊಡೆದು ಕುಣಿಯುವ ಪಿಟ್ಟಿಗೆ ಇಳಿಯಲೇಬೇಕು ಅನ್ನಿಸಿದರೆ ಇಳಿ, ತಡೆಯುವುದಿಲ್ಲ. ಶೂ ಲೇಸಿಗೆ ಎರಡು ಗಂಟು ಹಾಕು. ಯಾರಾದರೂ ಬಿದ್ದರೆ ಸುತ್ತಲಿನವರು ನಿಂತು ಎತ್ತುತ್ತಾರೆ, ಅದು ನಮ್ಮವರಲ್ಲಿ ಬರೆಯದ ಕಾನೂನು. ಎತ್ತುವ ಕೈಗಳಲ್ಲಿ ನಿನ್ನದೂ ಇರಲಿ.

ಕಿವಿಯ ವಿಷಯದಲ್ಲಿ ಮಾತ್ರ ನಿನ್ನ ವಾದ ಕೇಳುವುದಿಲ್ಲ. 85 ಡೆಸಿಬಲ್ ಸದ್ದನ್ನು ಎಂಟು ಗಂಟೆ ತಡೆಯಬಹುದು ಅನ್ನುತ್ತಾರೆ, ಅಲ್ಲಿಂದ ಮೂರು ಡೆಸಿಬಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕಿಳಿಯುತ್ತದೆ. ನೂರಕ್ಕೆ ಬಂದರೆ ಉಳಿಯುವುದು ಹದಿನೈದು ನಿಮಿಷ. ನೀನು ನಿಲ್ಲುವುದು ಎರಡು ಗಂಟೆ! ಫೋಮಿನ ಇಯರ್‌ಪ್ಲಗ್ಗನ್ನು ಬೆರಳಲ್ಲಿ ಹೊಸೆದು ಸಣ್ಣ ಮಾಡು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆಳೆದು ಹಿಡಿ, ಒಳಗೆ ತೂರಿಸಿ, ಅದು ಉಬ್ಬುವವರೆಗೂ ಒತ್ತಿ ಹಿಡಿದಿರು. ಸುಮ್ಮನೆ ಕಿವಿಯ ಬಾಯಿಗೆ ಸಿಕ್ಕಿಸಿದರೆ ಪ್ರಯೋಜನವಿಲ್ಲ. ನಿನ್ನ ಕಿವಿ ಇನ್ನೂ ಐವತ್ತು ವರ್ಷ ಸಂಗೀತ ಕೇಳಬೇಕು.

ನೀನು ಎತ್ತುವ ಆ ಎರಡು ಬೆರಳ ಕೊಂಬಿನ ಬಗ್ಗೆ ಒಮ್ಮೆ ಕೇಳಿದ್ದೆಯಲ್ಲ. ಮೆಟಲ್ ಲೋಕದಲ್ಲಿ ಅದನ್ನು ಹಬ್ಬಿಸಿದ್ದು ಹಾಡುಗಾರ ರಾನಿ ಜೇಮ್ಸ್ ಡಿಯೊ, 1979ರಲ್ಲಿ ಬ್ಲ್ಯಾಕ್ ಸಬ್ಬತ್ ಸೇರಿದ ಮೇಲೆ. ಅವರಿಗೆ ಅದನ್ನು ಕಲಿಸಿದ್ದು ಇಟಲಿ ಮೂಲದ ಅವರ ಅಜ್ಜಿ. ಕೆಟ್ಟ ಕಣ್ಣು ಬೀಳದಿರಲಿ ಅಂತ ಮಾಡುತ್ತಿದ್ದ ಸನ್ನೆಯಂತೆ. ಅಲ್ಲಿ ಕೈ ಎತ್ತಿದಾಗ ನನ್ನ ಪರವಾಗಿಯೂ ಒಂದು ಎತ್ತು. ನಿನಗೆ ಯಾರ ದೃಷ್ಟಿಯೂ ತಾಗದಿರಲಿ.

ಸೆಟ್ ಮುಗಿದ ಮೇಲೆ ಮಾಂಟಿ ಪೈಥಾನ್ ತಂಡದ ತಮಾಷೆಯ ಹಾಡು ಸ್ಪೀಕರಿನಲ್ಲಿ ಬಂತೆಂದರೆ ಅಷ್ಟೇ, ಅವರು ಮತ್ತೆ ಬರುವುದಿಲ್ಲ. ಆಗ ಎಲ್ಲರೂ ಒಟ್ಟಿಗೆ ದಾರಿಯತ್ತ ನುಗ್ಗುತ್ತಾರೆ. ನೀನು ಬದಿಗೆ ಸರಿದು ನಿಂತು, ನೀರು ಕುಡಿದು, ಗುಂಪು ಕರಗಿದ ಮೇಲೆ ನಿಧಾನ ಹೊರಡು. ಎಷ್ಟೇ ತಡವಾದರೂ ಫೋನ್ ಮಾಡು, ಎದ್ದಿರುತ್ತೇನೆ. ಮೊದಲ ಒಂಬತ್ತು ಆಲ್ಬಮ್ಮುಗಳ ಹಾಡುಗಳನ್ನಷ್ಟೇ ಈ ಟೂರಿನಲ್ಲಿ ನುಡಿಸುವುದು ಅಂತ ಗೊತ್ತು. ಯಾವುವು, ಯಾವುದಾದ ಮೇಲೆ ಯಾವುದು ಅಂತ ನಾನು ಎಲ್ಲೂ ಹುಡುಕಿ ನೋಡಿಲ್ಲ. ನೀನೇ ಮೊದಲ ಹಾಡಿನಿಂದ ಸಾಲಾಗಿ ಹೇಳಬೇಕು. ಆ ಹೊಸ ಡ್ರಮ್ಮರ್ ಹೇಗೆ ನುಡಿಸಿದರು ಅನ್ನುವುದನ್ನಂತೂ ಬಿಡಿಸಿ ಹೇಳು.

ಇಂತಿ ನಿನ್ನ,
ಅಮ್ಮ