ಬರೀ ಇಳುವರಿ ನೋಡಿ ಯಾವ ಸಣ್ಣ ರೈತನೂ ನಿರ್ಧಾರ ಮಾಡುವುದಿಲ್ಲ ಕಣೋ

ಪ್ರೀತಿಯ ಗೆಳೆಯ,

ನಿನ್ನ ಉದ್ದನೆಯ ಮೆಸೇಜು ಓದಿದೆ. ಬೇಜಾರಿನಲ್ಲೇ ಬರೆದಿದ್ದೀಯ. ನಿಮ್ಮ ಕೃಷಿ ಯೋಜನೆಯ ಪಟ್ಟಿಯಲ್ಲಿರುವ ಪದ್ಧತಿಗಳೆಲ್ಲ ಮಣ್ಣಿಗೆ ಒಳ್ಳೆಯವು, ಇಳುವರಿಯೂ ಜಾಸ್ತಿ, ಆದರೂ ಸಣ್ಣ ರೈತರು ಸಭೆಗೆ ಬಂದು, ತಲೆಯಾಡಿಸಿ, ಹೋಗಿ ಮೊದಲಿನ ಹಾಗೇ ಬೇಸಾಯ ಮಾಡುತ್ತಾರೆ, ಇನ್ನೂ ಹೇಗೆ ತಿಳಿಸಿ ಹೇಳಲಿ ಅಂತ ಕೇಳಿದ್ದೀಯ. ನನಗನಿಸುವುದು, ಅವರಿಗೆ ತಿಳಿದಿದೆ. ನಿನ್ನ ಪಟ್ಟಿಯಲ್ಲಿ ಇರುವುದು ಎಕರೆಗೆ ಎಷ್ಟು ಬೆಳೆ ಅನ್ನುವ ಒಂದೇ ಲೆಕ್ಕ. ಅವರ ತಲೆಯಲ್ಲಿ ಇನ್ನೂ ನಾಲ್ಕಾರು ಲೆಕ್ಕ ಓಡುತ್ತಿರುತ್ತವೆ. ಯಾವ ತಿಂಗಳು ಯಾರ ಕೈ ಖಾಲಿ ಇದೆ, ದುಡ್ಡು ಯಾವಾಗ ಬರುತ್ತೆ, ದನಕ್ಕೆ ಮೇವು ಎಲ್ಲಿಂದ, ಮಳೆ ಕೈಕೊಟ್ಟರೆ ಗತಿಯೇನು, ಈ ಹೊಲ ಮುಂದಿನ ವರ್ಷವೂ ನನ್ನ ಕೈಯಲ್ಲೇ ಇರುತ್ತಾ. ಇದರಲ್ಲಿ ಒಂದು ತಪ್ಪಿದರೂ ಸಾಕು, ಉತ್ತರ ಬೇಡ ಅಂತಲೇ ಬರುತ್ತೆ.

ಪ್ರಪಂಚದ ಒಟ್ಟು ಹಿಡುವಳಿಗಳಲ್ಲಿ ಸುಮಾರು ಶೇ. 84ರಷ್ಟು ಎರಡು ಹೆಕ್ಟೇರ್‌ಗಿಂತ ಚಿಕ್ಕವು. ಈ ಸಣ್ಣ ರೈತರ ಕೈಯಲ್ಲಿರುವ ಜಮೀನು ಶೇ. 12ರ ಆಸುಪಾಸು, ಆದರೆ ಆಹಾರದಲ್ಲಿ ಮೂರನೇ ಒಂದು ಪಾಲು ಅವರದು. ಇಷ್ಟು ಚೂರು ನೆಲದಲ್ಲಿ ಇಷ್ಟು ಬೆಳೆಯುವವರಿಗೆ ಲೆಕ್ಕ ಬರಲ್ಲ ಅಂದುಕೊಂಡರೆ ಅದು ನಮ್ಮ ದಡ್ಡತನ ಅಷ್ಟೇ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಹೇಳ್ತೀನಿ. ಭತ್ತದ ಶ್ರೀ ಪದ್ಧತಿ ನಿನಗೆ ಗೊತ್ತೇ ಇದೆ. ಎಳೆಯ ಸಸಿ, ಒಂದು ಗುಣಿಗೆ ಒಂದೇ, ಅಂತರ ಜಾಸ್ತಿ, ಗದ್ದೆಯಲ್ಲಿ ಸದಾ ನೀರು ನಿಲ್ಲಿಸುವ ಹಾಗಿಲ್ಲ. ಮಡಗಾಸ್ಕರ್‌ನಲ್ಲಿ 1980ರ ದಶಕದಲ್ಲಿ ಒಬ್ಬ ಪಾದ್ರಿ ರೈತರ ಜೊತೆಗೂಡಿ ರೂಪಿಸಿದ್ದು. ಬೀಜ ಕಡಿಮೆ, ನೀರು ಕಡಿಮೆ, ಕೊಂಡು ತರುವ ಗೊಬ್ಬರವೂ ಬೇಕಿಲ್ಲ. ಕಾಗದದ ಮೇಲೆ ನೋಡಿದರೆ ಬಡ ರೈತನಿಗೆಂದೇ ಮಾಡಿದಂತಿದೆ, ಅಲ್ವಾ? ಆದರೆ ಹುಟ್ಟಿದ ದೇಶದಲ್ಲೇ ಅದನ್ನು ಶುರುಮಾಡಿದ ಬಹಳ ಮಂದಿ ಆಮೇಲೆ ಬಿಟ್ಟುಬಿಟ್ಟರು. ಮೋಸರ್ ಮತ್ತು ಬ್ಯಾರೆಟ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2003ರಲ್ಲಿ ಇದರ ಕಾರಣ ಬರೆದರು. ನಾಟಿ ಮಾಡಲು, ಕಳೆ ತೆಗೆಯಲು, ನೀರು ನೋಡಿಕೊಳ್ಳಲು ಹೆಚ್ಚು ಕೆಲಸ ಬೇಕು, ಅದೂ ವರ್ಷದ ಯಾವ ಹೊತ್ತಿನಲ್ಲಿ ಅಂದರೆ ಮನೆಯ ಕಣಜ ಖಾಲಿಯಾಗಿ, ದಿನಾ ಕೂಲಿಗೆ ಹೋದರೆ ಮಾತ್ರ ಊಟ ಅನ್ನುವ ಹೊತ್ತಿನಲ್ಲಿ. ಸ್ವಂತ ಗದ್ದೆಯಲ್ಲಿ ಹೆಚ್ಚಿಗೆ ದುಡಿದರೆ ನಾಲ್ಕು ತಿಂಗಳ ನಂತರ ಭತ್ತ ಬರುತ್ತೆ, ಬೇರೆಯವರ ಗದ್ದೆಯಲ್ಲಿ ದುಡಿದರೆ ಇವತ್ತು ಸಂಜೆಯೇ ಕೂಲಿ ಬರುತ್ತೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ? ಸ್ವಲ್ಪ ಉಳಿತಾಯ ಇದ್ದವರು, ಆಳು ಇಡಬಲ್ಲವರು ಮುಂದುವರಿಸಿದರು. ಯಾರಿಗೋಸ್ಕರ ಅಂತ ಹೇಳಿ ತಂದರೋ ಅವರೇ ಹಿಂದೆ ಉಳಿದರು. ಪದ್ಧತಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಬೇರೆ ಎಷ್ಟೋ ಕಡೆ ಅದು ಚೆನ್ನಾಗಿ ನಡೆದಿದೆ. ಕೆಲಸ ಯಾವ ತಿಂಗಳಿಗೆ ಬೀಳುತ್ತೆ ಅನ್ನುವುದು ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ದುಡ್ಡಿನದೂ ಇದೇ ಕಥೆ. ದುಡ್ಡು ಇಲ್ಲ ಅನ್ನುವುದಕ್ಕಿಂತ ಬೇಕಾದಾಗ ಇರುವುದಿಲ್ಲ ಅನ್ನುವುದು ಹೆಚ್ಚು ಸರಿ. ಡುಫ್ಲೊ, ಕ್ರೆಮರ್, ರಾಬಿನ್ಸನ್ ಅನ್ನುವ ಅರ್ಥಶಾಸ್ತ್ರಜ್ಞರು ಪಶ್ಚಿಮ ಕೆನ್ಯಾದಲ್ಲಿ ಮೆಕ್ಕೆಜೋಳದ ರೈತರ ಜೊತೆ ಒಂದು ಪ್ರಯೋಗ ಮಾಡಿದರು, 2011ರಲ್ಲಿ ಪ್ರಕಟವಾಯಿತು. ಬಿತ್ತನೆ ಹೊತ್ತಿಗೆ ಗೊಬ್ಬರ ಮಾರುವ ಬದಲು ಕೊಯ್ಲು ಮುಗಿದ ಕೂಡಲೇ, ಕೈಯಲ್ಲಿ ಕಾಸಿರುವಾಗಲೇ ಹೋಗಿ, ಈಗ ಕೊಟ್ಟರೆ ಆಮೇಲೆ ಮನೆಗೇ ತಲುಪಿಸುತ್ತೇವೆ ಅಂದರು. ರಿಯಾಯಿತಿ ಅಂದರೆ ಸಾಗಾಟದ ಖರ್ಚು ಮಾತ್ರ. ಗೊಬ್ಬರ ಕೊಳ್ಳುವವರು ಗಣನೀಯವಾಗಿ ಜಾಸ್ತಿಯಾದರು. ಅದೇ ತಂಡದ ಇನ್ನೊಂದು ಲೆಕ್ಕ ನನಗೆ ಇನ್ನೂ ಮಜಾ ಅನಿಸಿತು. ಗುಣಿಗೆ ಅರ್ಧ ಚಮಚ ಮೇಲುಗೊಬ್ಬರ ಹಾಕಿದರೆ ಒಳ್ಳೆ ಲಾಭ. ಇಲಾಖೆ ಶಿಫಾರಸು ಮಾಡಿದ ಪೂರ್ತಿ ಪ್ಯಾಕೇಜ್ ಹಾಕಿದರೆ ಸಾಮಾನ್ಯ ರೈತನಿಗೆ ಗಿಟ್ಟುವುದಿಲ್ಲ! ಪುಸ್ತಕದ ಪ್ರಕಾರ ಹಾಕದವನು ತಪ್ಪು ಮಾಡುತ್ತಿದ್ದಾನೆ ಅಂತ ಎಷ್ಟು ವರ್ಷ ಬೈದಿರಬಹುದು ಯೋಚಿಸು.

ಮಣ್ಣೂ ಎಲ್ಲ ಕಡೆ ಒಂದೇ ಅಲ್ಲವಲ್ಲ. ಮನೆ ಪಕ್ಕದ ಹೊಲಕ್ಕೆ ಕೊಟ್ಟಿಗೆ ಗೊಬ್ಬರ, ಬೂದಿ, ಕಸಕಡ್ಡಿ ಎಲ್ಲ ಬೀಳುತ್ತೆ, ದೂರದ ಹೊಲಕ್ಕೆ ಹೊತ್ತುಕೊಂಡು ಹೋಗುವವರು ಯಾರು? ಹತ್ತಾರು ವರ್ಷ ಹೀಗೆ ನಡೆದರೆ ಒಬ್ಬನೇ ರೈತನ ಎರಡು ತುಂಡು ನೆಲ ಎರಡು ಜಾತಿಯಾಗಿಬಿಡುತ್ತವೆ. ಸಾವಯವ ಅಂಶ ಪೂರಾ ಕಳೆದುಕೊಂಡ ನೆಲಕ್ಕೆ ರಾಸಾಯನಿಕ ಗೊಬ್ಬರ ಹಾಕಿದರೂ ಬೆಳೆ ಏಳುವುದಿಲ್ಲ, ಆಫ್ರಿಕಾದ ಮರಳು ಮಣ್ಣುಗಳಲ್ಲಿ ಇದನ್ನು ಚೆನ್ನಾಗಿ ಅಳೆದು ನೋಡಿದ್ದಾರೆ. ಹಾಗಾಗಿ ಒಂದು ಹೊಲಕ್ಕೆ ನಿನ್ನ ಮಾತು ಕೇಳಿ ಇನ್ನೊಂದಕ್ಕೆ ಕೇಳದಿದ್ದರೆ ಅವನು ಅರೆಮನಸ್ಸಿನವನು ಅಂತ ಬರೆದುಕೊಳ್ಳಬೇಡ.

ಹೊದಿಕೆ, ಅಂದರೆ ಬೆಳೆಯ ಉಳಿಕೆಯಿಂದ ನೆಲ ಮುಚ್ಚುವ ವಿಷಯಕ್ಕೆ ಬರ್ತೀನಿ, ರೈತರು ಅದನ್ನು ಮಾಡುವುದಿಲ್ಲ ಅನ್ನುವುದೇ ನಿನ್ನ ದೊಡ್ಡ ದೂರು ತಾನೇ. ಉಳುಮೆ ಬಿಡಿ, ಬೆಳೆಯ ಉಳಿಕೆಯನ್ನು ನೆಲದ ಮೇಲೆ ಹಾಗೇ ಬಿಡಿ, ಬೆಳೆ ಬದಲಾಯಿಸಿ ಅನ್ನುವುದು ಸಂರಕ್ಷಣಾ ಕೃಷಿಯ ಮೂರು ಸೂತ್ರ. ನೆಲ ತಂಪಾಗಿರುತ್ತೆ, ಮಣ್ಣು ಕೊಚ್ಚಿಹೋಗಲ್ಲ, ನಿಜ. ಆದರೆ ಆ ದಂಟು ಬೇಸಿಗೆಯಲ್ಲಿ ದನದ ಹೊಟ್ಟೆ ತುಂಬಿಸುವ ಮೇವು. ದನ ಅಂದರೆ ಹಾಲು, ಗೊಬ್ಬರ, ಕಷ್ಟ ಬಂದರೆ ಮಾರುವ ಬ್ಯಾಂಕು. ಇದನ್ನೆಲ್ಲ ಬಿಟ್ಟು ಮಣ್ಣಿಗೆ ತಿನ್ನಿಸು ಅಂದರೆ ಯಾರು ಕೇಳ್ತಾರೆ? ಒಬ್ಬ ಬಿಟ್ಟರೂ ಕೊಯ್ಲಾದ ಮೇಲೆ ಎಲ್ಲರ ದನವೂ ಎಲ್ಲರ ಹೊಲಕ್ಕೂ ನುಗ್ಗುವ ಕಡೆ ಅದು ಉಳಿಯುವುದೂ ಇಲ್ಲ. ಇನ್ನು ಉಳುಮೆ ಬಿಟ್ಟರೆ ಮೊದಲ ವರ್ಷಗಳಲ್ಲಿ ಕಳೆ ಜಾಸ್ತಿ. ಕಳೆನಾಶಕ ಇಲ್ಲದಿದ್ದರೆ ಅದನ್ನು ಕೀಳುವವರು ಯಾರು? ಹೆಚ್ಚಿನ ಕಡೆ ಹೆಂಗಸರು. ನೇಗಿಲು ಹಿಡಿಯುವ ಗಂಡಸಿಗೆ ಉಳಿಯುವ ದಿನ, ಬಗ್ಗಿ ಕಳೆ ಕೀಳುವ ಹೆಂಗಸಿಗೆ ಕೂಡುತ್ತೆ. ಮನೆಯ ಒಟ್ಟು ಶ್ರಮ ಕಡಿಮೆ ಅಂತ ವರದಿಯಲ್ಲಿ ಬರೆದರೆ ಇದು ಕಾಣುವುದೇ ಇಲ್ಲ. ಸಭೆಗೆ ಬಂದು ತಲೆಯಾಡಿಸಿದವರು ಗಂಡಸರು ಅಂತ ನೀನೇ ಬರೆದಿದ್ದೀಯ, ನೋಡು.

ಒಪ್ಪಿಕೊಂಡಾಗಲೂ ಅವರ ಕಾರಣ ನಮ್ಮದಾಗಿರುವುದಿಲ್ಲ. ಪಶ್ಚಿಮ ಆಫ್ರಿಕಾದ ಬೆನಿನ್‌ನಲ್ಲಿ ಮಣ್ಣಿನ ಫಲವತ್ತತೆ ಹೆಚ್ಚಲಿ ಅಂತ ಮ್ಯೂಕುನಾ ಅನ್ನುವ ದ್ವಿದಳ ಬಳ್ಳಿಯನ್ನು ಕೊಟ್ಟರು. ರೈತರು ಅದನ್ನು ಹಾಕಿದ್ದು ಏನೇ ಮಾಡಿದರೂ ಸಾಯದ ಒಂದು ಹಠಮಾರಿ ಹುಲ್ಲನ್ನು ಅದು ಮುಚ್ಚಿ ಸಾಯಿಸುತ್ತೆ ಅಂತ. ಹುಲ್ಲು ಹೋದ ಮೇಲೆ ಬಹಳ ಕಡೆ ಬಳ್ಳಿಯೂ ಹೋಯಿತು, ಯಾಕೆಂದರೆ ಅದರ ಕಾಳು ಸುಲಭವಾಗಿ ತಿನ್ನಲಾಗದು, ಒಂದು ಹಂಗಾಮು ನೆಲವನ್ನು ಹಿಡಿದಿಟ್ಟುಕೊಳ್ಳುತ್ತೆ ಬೇರೆ. ಇದಕ್ಕೆ ತದ್ವಿರುದ್ಧವಾಗಿ, ಕೆನ್ಯಾದಲ್ಲಿ 1990ರ ದಶಕದಿಂದ ಬೆಳೆದುಬಂದ ಒಂದು ಪದ್ಧತಿ ಇದೆ. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಅನ್ನುವ ದ್ವಿದಳ ಗಿಡ, ಸುತ್ತ ಅಂಚಿಗೆ ನೇಪಿಯರ್ ಹುಲ್ಲು. ಕಾಂಡಕೊರಕದ ಪತಂಗವನ್ನು ಡೆಸ್ಮೋಡಿಯಂ ವಾಸನೆ ಓಡಿಸುತ್ತೆ, ನೇಪಿಯರ್ ತನ್ನತ್ತ ಸೆಳೆಯುತ್ತೆ. ಬೆಳೆಯ ಬೇರಿಗೆ ಅಂಟಿ ರಸ ಹೀರುವ ಸ್ಟ್ರೈಗಾ ಕಳೆಯನ್ನೂ ಡೆಸ್ಮೋಡಿಯಂ ಬೇರು ಮಟ್ಟಹಾಕುತ್ತೆ. ಎಷ್ಟು ಅಚ್ಚುಕಟ್ಟಾದ ವಿಜ್ಞಾನ! ಆದರೂ ರೈತನ ಮನಸ್ಸು ಗೆದ್ದಿದ್ದರಲ್ಲಿ ದೊಡ್ಡ ಪಾಲು ಮೇವಿನದು ಅಂತ ನನ್ನ ಅಭಿಪ್ರಾಯ, ಡೆಸ್ಮೋಡಿಯಂ, ನೇಪಿಯರ್ ಎರಡೂ ದನಕ್ಕೆ ಒಳ್ಳೆ ಮೇವು. ಹೊದಿಕೆ ಪದ್ಧತಿ ದನದಿಂದ ಕಿತ್ತುಕೊಳ್ಳುತ್ತೆ, ಇದು ದನಕ್ಕೆ ಕೊಡುತ್ತೆ. ಹಾಗಂತ ಇದೂ ಎಲ್ಲರಿಗೂ ಆಗಲ್ಲ. ಡೆಸ್ಮೋಡಿಯಂ ಒಮ್ಮೆ ಹಚ್ಚಿದರೆ ವರ್ಷಗಟ್ಟಲೆ ಇರುವ ಬೆಳೆ, ವರ್ಷ ವರ್ಷಕ್ಕೆ ಗೇಣಿ ಹಿಡಿಯುವವನು ಯಾಕೆ ಹಾಕ್ತಾನೆ?

ನೆಲ ಯಾರದು ಅನ್ನುವ ಪ್ರಶ್ನೆಯನ್ನು ಯೋಜನೆಯವರು ಮುಟ್ಟಲು ಹೆದರುತ್ತಾರೆ, ಗೊತ್ತು. ಆದರೆ ನೈಜರ್ ದೇಶದಲ್ಲಿ ಏನಾಯಿತು ಕೇಳು. ಹೊಲದಲ್ಲಿ ಹುಟ್ಟಿದ ಮರವೂ ಆಗ ಕಾನೂನಿನ ಪ್ರಕಾರ ಸರ್ಕಾರದ್ದಾಗಿತ್ತು, ಕಡಿದರೆ ದಂಡ. ಹಾಗಾಗಿ ಚಿಗುರಿದ ಮೋಟುಗಳನ್ನೆಲ್ಲ ರೈತರೇ ಸವರಿ ಹಾಕುತ್ತಿದ್ದರು. 1980ರ ದಶಕದಿಂದೀಚೆಗೆ ಈ ಬಿಗಿ ಸಡಿಲವಾಗಿ, ಮರ ನಮ್ಮದೇ ಅನ್ನುವ ನಂಬಿಕೆ ಬಂದ ಮೇಲೆ ಆ ಚಿಗುರನ್ನೇ ಉಳಿಸಿ, ಸವರಿ ಬೆಳೆಸಿದರು. ಟೋನಿ ರಿನಾಡೊ ಅನ್ನುವ ಆಸ್ಟ್ರೇಲಿಯಾದ ಕೃಷಿ ತಜ್ಞರು ಇದಕ್ಕೆ ಒತ್ತಾಸೆಯಾಗಿ ನಿಂತವರು, 2018ರಲ್ಲಿ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಬಂತು. ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರಗಳು ವಾಪಸ್ ಬಂದವು, ಗಿಡ ನೆಡುವ ದೊಡ್ಡ ಖರ್ಚೇ ಇಲ್ಲದೆ. ಅದೇ ವರ್ಷ ಅದೇ ಪ್ರಶಸ್ತಿ ಹಂಚಿಕೊಂಡ ಇನ್ನೊಬ್ಬರು ಬುರ್ಕಿನಾ ಫಾಸೊದ ರೈತ ಯಾಕೂಬಾ ಸವಡೊಗೊ. ಗಟ್ಟಿಯಾದ ಬರಡು ನೆಲದಲ್ಲಿ ಗುಂಡಿ ತೋಡಿ, ಗೊಬ್ಬರ ತುಂಬಿ, ಅದರಲ್ಲೇ ಮಳೆ ನೀರು ನಿಲ್ಲಿಸಿ ಬಿತ್ತುವ ಹಳೆಯ ಪದ್ಧತಿಯನ್ನು ಸುಧಾರಿಸಿದವರು. ಆ ಗುಂಡಿ ತೋಡುವುದು ಮೈಮುರಿಯುವ ಕೆಲಸ, ಆದರೆ ಬೇಸಿಗೆಯ ಕೆಲಸ, ಕೈ ಖಾಲಿ ಇರುವ ಹೊತ್ತು. ಶ್ರೀ ಪದ್ಧತಿಯ ಕಥೆ ಜೊತೆ ಇಟ್ಟು ನೋಡು.

ಕಲಿಯುವುದು ಹೇಗೆ ಅಂತಲೂ ಕೇಳಿದ್ದೀಯ. ಭಾಷಣದಿಂದಲ್ಲ ಮಾರಾಯ. ಘಾನಾದಲ್ಲಿ ಅನಾನಸ್ ಬೆಳೆಯುವವರನ್ನು ಹತ್ತಿರದಿಂದ ನೋಡಿದ ಕಾನ್ಲಿ ಮತ್ತು ಉಡ್ರಿ ಅನ್ನುವ ಅರ್ಥಶಾಸ್ತ್ರಜ್ಞರು 2010ರಲ್ಲಿ ಬರೆದ ಪ್ರಕಾರ, ತಾನು ಮಾತಾಡುವ ರೈತರಲ್ಲಿ ಯಾರಿಗಾದರೂ ನಿರೀಕ್ಷೆಗಿಂತ ಚೆನ್ನಾಗಿ ಬೆಳೆ ಬಂದರೆ ಇವನೂ ಗೊಬ್ಬರದ ಅಳತೆಯನ್ನು ಅವನಂತೆ ಬದಲಾಯಿಸಿಕೊಳ್ಳುತ್ತಾನೆ. ಇಂಡೋನೇಷ್ಯಾದ್ದು ಇನ್ನೂ ದೊಡ್ಡ ಕಥೆ. ಕೀಟನಾಶಕ ಹೊಡೆದಷ್ಟೂ ಭತ್ತದ ಕಂದು ಜಿಗಿಹುಳುವನ್ನು ತಿನ್ನುವ ಜೇಡಗಳು ಸತ್ತು ಆ ಹುಳು ಉಲ್ಬಣಿಸಿತು. 1986ರಲ್ಲಿ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು, ಆಮೇಲೆ ಸಬ್ಸಿಡಿಯನ್ನೂ ತೆಗೆಯಿತು. ಅಷ್ಟಕ್ಕೇ ಬಿಡಲಿಲ್ಲ. 1989ರಿಂದ ರೈತರ ಕ್ಷೇತ್ರ ಪಾಠಶಾಲೆ ಅಂತ ಶುರುಮಾಡಿದರು. ವಾರಕ್ಕೊಮ್ಮೆ ಗದ್ದೆಗಿಳಿದು ಹುಳ ಎಷ್ಟು, ಹುಳ ತಿನ್ನುವ ಜೇಡ ಎಷ್ಟು ಅಂತ ಎಣಿಸಿ, ಚಿತ್ರ ಬರೆದು, ಈ ವಾರ ಹೊಡೆಯಬೇಕೋ ಬೇಡವೋ ಅಂತ ರೈತರೇ ತೀರ್ಮಾನಿಸುವುದು. ಔಷಧಿ ಇಳಿಯಿತು, ದೇಶದ ಭತ್ತ ಇಳಿಯಲಿಲ್ಲ.

ಇದನ್ನು 2021ರ ಶ್ರೀಲಂಕಾ ಜೊತೆ ಹೋಲಿಸು. ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಂತಿತು ಅಂದರು, ರೈತರಿಗೆ ಬೇರೆ ಗೊಬ್ಬರವೂ ಸಿಗಲಿಲ್ಲ, ಕಲಿಯಲು ಸಮಯವೂ ಸಿಗಲಿಲ್ಲ, ಭತ್ತ ಕುಸಿಯಿತು, ನವೆಂಬರ್ ಹೊತ್ತಿಗೆ ಆದೇಶ ಬಹುಪಾಲು ವಾಪಸ್. ಸಾವಯವ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಜಗಳಕ್ಕೆ ಇದನ್ನು ಎರಡೂ ಕಡೆಯವರು ಎಳೆದಾಡುತ್ತಾರೆ. ಒಂದೇ ಹಂಗಾಮಿನಲ್ಲಿ ಯಾವುದನ್ನು ಮೇಲಿನಿಂದ ಹೇರಿದ್ದರೂ ಬಹುಶಃ ಹೀಗೇ ಆಗುತ್ತಿತ್ತು.

ಒಂದು ಕಹಿ ಮಾತೂ ಇದೆ. ಅರ್ಧ ಹೆಕ್ಟೇರ್ ಇರುವ ಐದು ಜನರ ಕುಟುಂಬ ಅಂತ ಇಟ್ಟುಕೋ, ಈಗ 750 ಕಿಲೋ ಕಾಳು ಬರುತ್ತೆ, ನಿನ್ನ ಪದ್ಧತಿಯಿಂದ ಎರಡರಷ್ಟಾಯಿತು. ತಲೆಗೆ ವರ್ಷಕ್ಕೆ 150 ಕಿಲೋ ಹೆಚ್ಚು. ಹಸಿವಿಗೆ ಅದು ದೊಡ್ಡದು, ಆದಾಯಕ್ಕೆ ತೀರಾ ಚಿಕ್ಕದು. ಮಗ ಪೇಟೆಗೆ ಹೋಗಿ ಕೆಲವು ವಾರ ದುಡಿದರೆ ಅಷ್ಟೇ ಬರಬಹುದು. ಹಾಗಾಗಿ ಕೆಲವರಿಗೆ ಬೇಸಾಯವನ್ನು ಈಗಿರುವಷ್ಟಕ್ಕೇ ಬಿಟ್ಟು ಹೊರಗೆ ದುಡಿಯುವುದೇ ಸರಿಯಾದ ಲೆಕ್ಕ. ಅವರನ್ನು ಹಿಂದುಳಿದವರು ಅನ್ನುವ ಕಾಲಂನಲ್ಲಿ ಹಾಕಬೇಡ ದಯವಿಟ್ಟು.

ಮುಂದಿನ ಸಲ ಹೋದಾಗ ಪಟ್ಟಿ ಬ್ಯಾಗಲ್ಲೇ ಇರಲಿ. ಹನ್ನೆರಡು ತಿಂಗಳ ಗೆರೆ ಎಳೆದು ಯಾವ ತಿಂಗಳು ಯಾರಿಗೆ ಏನು ಕೆಲಸ, ಯಾವಾಗ ದುಡ್ಡು, ಯಾವಾಗ ಸಾಲ, ಮೇವು ಯಾವಾಗ ಮುಗಿಯುತ್ತೆ ಅಂತ ಅವರ ಕೈಯಲ್ಲೇ ತುಂಬಿಸು. ಆಮೇಲೆ ನಿನ್ನ ಒಂದೊಂದು ಪದ್ಧತಿಯನ್ನೂ ಅದರ ಮೇಲಿಟ್ಟು ಎಲ್ಲಿ ಕೂರುತ್ತೆ ನೋಡು. ಕೂರದ್ದನ್ನು ಬಿಡು, ಅರ್ಧ ಕೂರುವುದನ್ನು ಅರ್ಧವೇ ಮಾಡಲಿ, ಹೊಲದ ಒಂದು ಮೂಲೆಯಲ್ಲಿ ಹಾಕಿ ನೋಡುತ್ತೇನೆ ಅಂದರೆ ಅದೇ ದೊಡ್ಡದು. ಹಾಂ, ಇನ್ನೊಂದು. ಸಭೆಯನ್ನು ನಿಮಗೆ ಅನುಕೂಲವಾದ ಹೊತ್ತಿಗೆ ಇಟ್ಟುಕೊಂಡರೆ ಹೆಂಗಸರು ಬರಲಾಗುವುದಿಲ್ಲ. ಅವರಿಗೆ ಯಾವ ಹೊತ್ತು ಆಗುತ್ತೆ ಅಂತ ಮೊದಲು ಅವರನ್ನೇ ಕೇಳು, ಏನಂದರು ಅಂತ ನನಗೂ ಬರಿ.

ನಿನ್ನ ಗೆಳೆಯ