ಸಂಘದ ಮನೆಯ ಟ್ರಂಕು: ಪೋಷಕರಿಗೆ ಒಂದು ಪತ್ರ

ನಮ್ಮ ಶಾಲೆಯ ಎಲ್ಲ ತಾಯಿ-ತಂದೆಯರಿಗೆ ನಮಸ್ಕಾರ.

ಕಳೆದ ಸೋಮವಾರ ನಾಲ್ಕೈದು ಜನ ತಂದೆಯರು ಶಾಲೆಗೆ ಬಂದಿದ್ದರು. ಏಳನೇ ತರಗತಿ ಮಕ್ಕಳನ್ನು ಮಹಿಳಾ ಸಂಘದ ಮನೆಗೆ ಕರೆದುಕೊಂಡು ಹೋಗಿ ಹಳೇ ಪುಸ್ತಕ ಓದಿಸ್ತೀರಂತೆ, ಹೌದಾ ಎಂದು ಕೇಳಿದರು. ಹೌದು. "ಆ ಪುಸ್ತಕದಾಗ ನಮ್ಮ ಮನಿ ಜಗಳಾನೂ ಬರದಿರ್ತಾರ ಮೇಡಂ" ಎಂದರು ಒಬ್ಬರು. ಅದೂ ಹೌದು. ಅಷ್ಟರಲ್ಲಿ ಗಂಟೆ ಹೊಡೆಯಿತು, ನಿಂತಲ್ಲೇ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಿದೆ. ರಾತ್ರಿ ಊಟ ಆದ ಮೇಲೆ ಮಕ್ಕಳ ಕೈಲಿ ಓದಿಸಿ ಕೇಳಿ.

ಬೀದರಿನ ಮಹಮೂದ್ ಗವಾನ್ ಮದರಸಾ ಯಾವಾಗ ಕಟ್ಟಿದ್ದು ಎಂದರೆ ನಮ್ಮ ಮಕ್ಕಳು 1472 ಎಂದು ಥಟ್ಟನೆ ಹೇಳುತ್ತಾರೆ. ಶಾಲೆಯ ಎದುರಿಗೇ ಇರುವ ಸಂಘದ ಮನೆ ಯಾರು ಕಟ್ಟಿದ್ದು ಎಂದು ಕೇಳಿದೆ. ಇಡೀ ತರಗತಿ ಸುಮ್ಮನೆ ಕೂತಿತು. ಆ ಮನೆಯಲ್ಲಿ ಒಂದು ತಗಡಿನ ಟ್ರಂಕು ಇದೆ. ಅದರ ಕೀಲಿಕೈ ಹಿರಿಯ ಅಮ್ಮ ಒಬ್ಬರ ಕೊರಳಲ್ಲಿ ತಾಳಿಯ ಜೊತೆಗೇ ಇದೆ. ಟ್ರಂಕಿನೊಳಗೆ ಸಭೆಯ ತೀರ್ಮಾನ ಬರೆದಿಟ್ಟ ಠರಾವು ಪುಸ್ತಕಗಳು, ಉಳಿತಾಯದ ಲೆಕ್ಕ, ಕಾಗದ-ಪತ್ರ ಇವೆ. ಕಳೆದ ಮಳೆಗಾಲದಲ್ಲಿ ಎರಡು ಪುಸ್ತಕಕ್ಕೆ ಗೆದ್ದಲು ಹತ್ತಿತು. ಅವನ್ನು ಬರೆಸಿದವರಿಗೂ ವಯಸ್ಸಾಯಿತು. ಇನ್ನು ಕಾಯುವುದು ಬೇಡ, ಮಕ್ಕಳೇ ಇವನ್ನು ಓದಿ ಸಂಘದ ಕತೆ ಬರೆಯಲಿ ಅನ್ನಿಸಿತು.

ಈ ಸಂಘ ಹುಟ್ಟಿದ ಕತೆ ನಮ್ಮೂರಿನದು ಮಾತ್ರ ಅಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಹಳ್ಳಿಯ ಹೆಂಗಸರು ಸಂಘ ಕಟ್ಟಿಕೊಂಡು ಕಲಿಯಲಿ ಎಂದು 'ಮಹಿಳಾ ಸಮಖ್ಯ' ಎಂಬ ಕಾರ್ಯಕ್ರಮ ಶುರುವಾಯಿತು. ನೆದರ್ಲೆಂಡ್ಸ್ ಸರ್ಕಾರದ ನೆರವೂ ಅದಕ್ಕಿತ್ತು. ಮೊದಲು ಆರಿಸಿದ್ದು ಮೂರೇ ರಾಜ್ಯ: ಕರ್ನಾಟಕ, ಗುಜರಾತ್, ಉತ್ತರ ಪ್ರದೇಶ. ಕರ್ನಾಟಕದಲ್ಲಿ 1989ರಲ್ಲಿ ಮೊದಲು ಹಿಡಿದದ್ದು ಮೂರು ಜಿಲ್ಲೆ: ಮೈಸೂರು, ಬಿಜಾಪುರ, ಮತ್ತು ನಮ್ಮ ಬೀದರ್. ಯಾವುದೇ ಯೋಜನೆ ಬೆಂಗಳೂರಿನಿಂದ ಹೊರಟು ಕೊನೆಗೆ ನಮ್ಮ ಹತ್ತಿರ ಬರುವುದು ರೂಢಿ, ಅಲ್ವಾ? ಇದು ಹಾಗಲ್ಲ, ಮೊದಲ ಸಾಲಿನಲ್ಲೇ ನಮ್ಮಲ್ಲಿಗೆ ಬಂತು.

ಸುಮಾರು ಹತ್ತು ಹಳ್ಳಿಗೆ ಒಬ್ಬಳು 'ಸಹಯೋಗಿನಿ', ಅಂದರೆ ಊರೂರು ತಿರುಗುವ ಕಾರ್ಯಕರ್ತೆ. ಬಸ್ಸಿದ್ದರೆ ಬಸ್ಸು, ಇಲ್ಲದಿದ್ದರೆ ನಡಿಗೆ. ನಮ್ಮೂರಿಗೆ ಅವಳು ಬಂದಾಗ ಮನೆ ಮನೆಯ ಬಾಗಿಲು ಹಾಕಿಕೊಂಡರಂತೆ. ಆಪರೇಷನ್ ಮಾಡಿಸಲು ಹೆಂಗಸರನ್ನು ಕರೆದೊಯ್ಯುವವಳು ಎಂದು ಗುಮಾನಿ. ಆಮೇಲೆ ಬಂದ ಪ್ರಶ್ನೆ, "ಏನ್ ಕೊಡ್ತೀ?" ಸಾಲ ಇಲ್ಲ, ಹೊಲಿಗೆ ಮಷಿನ್ ಇಲ್ಲ, ಎಮ್ಮೆ ಇಲ್ಲ. ಏನೂ ಕೊಡಲ್ಲ, ಕೂತು ಮಾತಾಡೋಣ ಎಂದಳಂತೆ. ನಕ್ಕವರೇ ಜಾಸ್ತಿ. ಆದರೂ ಹೊಲದ ಕೆಲಸ, ಅಡುಗೆ, ಪಾತ್ರೆ ಎಲ್ಲ ಮುಗಿದ ಮೇಲೆ, ರಾತ್ರಿ ಗುಡಿಯ ಕಟ್ಟೆ ಮೇಲೆ ಏಳೆಂಟು ಜನ ಸೇರತೊಡಗಿದರು. ಕುಡಿಯುವ ನೀರು, ಕೂಲಿ, ಕುಡಿದು ಬರುವ ಗಂಡ. ಮಾತಿಗೆ ಬರ ಇರಲಿಲ್ಲ.

ನನಗೆ ಎಲ್ಲಕ್ಕಿಂತ ಮನಸ್ಸಿಗೆ ತಟ್ಟಿದ್ದು 1993ರ ಪುಟ. ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆಯಿತಲ್ಲ, ನಿಮ್ಮಲ್ಲಿ ವಯಸ್ಸಾದವರಿಗೆ ನೆನಪಿರುತ್ತದೆ. ಹಿಂದಿನ ರಾತ್ರಿ ಗಣಪತಿ ಕಳಿಸಿ ಜನ ಆಗಷ್ಟೇ ಮಲಗಿದ್ದರು. ನಮ್ಮ ಭಾಲ್ಕಿ ಕಡೆಯೂ ಗೋಡೆಯ ಮಾಡದಲ್ಲಿದ್ದ ಪಾತ್ರೆ ಉರುಳಿದವಂತೆ. ಬೆಳಗಾದ ಮೇಲೆ ಗಡಿಯಾಚೆ ಊರೂರೇ ಕಲ್ಲು-ಮಣ್ಣಿನ ಅಡಿ ಹೋಗಿವೆ, ಸಾವಿರಾರು ಜನ ಸತ್ತಿದ್ದಾರೆ ಎಂದು ಸುದ್ದಿ ಬಂತು. ಸಂಘದವರು ಯಾರನ್ನೂ ಕೇಳಲಿಲ್ಲ. ಮನೆ ಮನೆಯಿಂದ ಜೋಳದ ಹಿಟ್ಟು ಎತ್ತಿದರು. ಹಗಲೂ ರಾತ್ರಿ ರೊಟ್ಟಿ ಬಡಿದರು. ಮೆತ್ತನ್ನ ರೊಟ್ಟಿ ಬೂಸ್ಟು ಹಿಡಿಯುತ್ತದೆ ಎಂದು ಖಡಕ್ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ. ಹಳೇ ಸೀರೆಯಲ್ಲಿ ಗಂಟು ಕಟ್ಟಿ, ಆ ಕಡೆ ಹೊರಟ ಲಾರಿಗೆ ಹಾಕಿದರು. ಪುಸ್ತಕದಲ್ಲಿ ಇದಕ್ಕೆ ಇರುವುದು ಒಂದೇ ಸಾಲು: "ರೊಟ್ಟಿ ಕಳಿಸಿದ್ದು." ಎಷ್ಟು ಎಂದು ಬರೆದಿಲ್ಲ. ಲೆಕ್ಕ ಏಕೆ ಇಟ್ಟಿಲ್ಲ ಎಂದು ಕೇಳಿದೆ. "ರೊಟ್ಟಿ ಯಾರರ ಎಣಿಸಿ ಕೊಡ್ತಾರೇನ್ರಿ" ಎಂದು ಕೀಲಿಕೈ ಅಮ್ಮ ನನಗೇ ಗದರಿದರು.

ಗಂಡಸರು ಅಲ್ಲಿಯವರೆಗೆ ಸಂಘ ಎಂದರೆ ಹರಟೆ ಎನ್ನುತ್ತಿದ್ದರು. ಆ ಮೇಲೆ ಜಾಗ ಕೇಳಿದಾಗ ಬೇಡ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ಸಂಘದ ಮನೆ ಎದ್ದಿದ್ದು ಹಾಗೆ. ಕಾರ್ಯಕ್ರಮದಿಂದ ಸ್ವಲ್ಪ ದುಡ್ಡು, ಉಳಿದದ್ದು ಇವರದೇ ಉಳಿತಾಯ. ಕಲ್ಲು, ಮಣ್ಣು ಹೊತ್ತವರೂ ಇವರೇ.

ಪಾಕೀಟು ಸಾರಾಯಿ ವಿರುದ್ಧ ಕೂತದ್ದು, ಪಂಚಾಯತಿ ಚುನಾವಣೆಗೆ ನಿಂತು ಒಬ್ಬರು ಗೆದ್ದು ಒಬ್ಬರು ಸೋತದ್ದು ಎಲ್ಲ ಪುಸ್ತಕದಲ್ಲಿದೆ. ಸಾರಾಯಿ ಇಡೀ ರಾಜ್ಯದಲ್ಲೇ 2007ರ ಜುಲೈಯಲ್ಲಿ ನಿಂತಿತು. ಕುಡಿತ ನಿಂತಿತಾ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಶಾಲೆಗೂ ಇವರ ಋಣ ಇದೆ. ಮೊದಲು ಮಕ್ಕಳಿಗೆ ತಿಂಗಳಿಗೆ 3 ಕೆ.ಜಿ. ಧಾನ್ಯ ಮನೆಗೆ ಕೊಡುತ್ತಿದ್ದರು. 2002ರ ಜೂನ್‌ನಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಅಡುಗೆ ಕೋಣೆ ಇನ್ನೂ ಇರಲಿಲ್ಲ. ಸಂಘದ ಮನೆಯ ಹಿಂದೆ ಮೂರು ಕಲ್ಲು ಹೂಡಿ ಅಲ್ಲೇ ಬೇಯಿಸಿದರಂತೆ. ನಾನು ಬಂದದ್ದು ಅದಾದ ನಾಲ್ಕು ವರ್ಷಕ್ಕೆ. ನಿಜ ಹೇಳುತ್ತೇನೆ, ಆಗ ಇವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅನ್ನ ಬೆಂದಿದೆಯಾ, ಮಾಸ್ತರ್ ಬಂದಿದ್ದಾರಾ ಎಂದು ದಿನಾ ಇಣುಕುತ್ತಿದ್ದರು. ಜಗಳಗಂಟಿಯರು ಎಂದುಕೊಂಡಿದ್ದೆ.

ಆ ವರ್ಷ ದೀಪಾವಳಿ ರಜೆ ಮುಗಿದ ಮೇಲೆ ಏಳನೇ ತರಗತಿಯ ಒಬ್ಬ ಹುಡುಗಿ ಬರಲಿಲ್ಲ. ಎರಡು ಸಲ ಮನೆಗೆ ಹೋದೆ. ಹುಷಾರಿಲ್ಲ ಎಂದರು. ಸಂಘದವರಿಗೆ ಹೇಳಿದೆ. "ಹೆಸರು ಬರಕೊಡ್ರಿ, ಮುಂದಿಂದು ನಾವ್ ನೋಡ್ಕೋತೀವಿ" ಎಂದರು. ಮೂರು ಸಂಜೆ ಆ ಮನೆಯ ಅಂಗಳದಲ್ಲಿ ಕೂತರು. ಬೈಯಲಿಲ್ಲ, ಪೊಲೀಸ್ ಎನ್ನಲಿಲ್ಲ, ಸುಮ್ನೆ ಕೂತರು. ನಾಲ್ಕನೇ ದಿನ ಹುಡುಗಿ ಶಾಲೆಗೆ ಬಂದಳು. ಪುಸ್ತಕದಲ್ಲಿ ಹೀಗಿದೆ: "ಮದುವಿ ಮುಂದಕ್ಕ ಹಾಕಿಸಿದ್ದು." ಎಲ್ಲ ಸಲವೂ ಹೀಗೆ ಆಗಲಿಲ್ಲ. ಆಗದೇ ಹೋದದ್ದನ್ನೂ ಅವರು ಬರೆಸಿದ್ದಾರೆ.

2016ರ ಹೊತ್ತಿಗೆ ಮಹಿಳಾ ಸಮಖ್ಯಕ್ಕೆ ಕೇಂದ್ರದ ದುಡ್ಡು ನಿಂತಿತು. ಸಹಯೋಗಿನಿ ಬರುವುದೂ ನಿಂತಿತು. ಕಟ್ಟೆ ಮೇಲಿನ ಸಭೆ ಮಾತ್ರ ನಿಂತಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸಾಲ, ಹೊಡೆತ-ಬಡಿತ, ಮನೆ ಜಗಳದ ಪುಟಗಳು ಮಕ್ಕಳ ಕೈಗೆ ಹೋಗುವುದಿಲ್ಲ. ಯಾವ ಪುಟ ತೆರೆಯಬೇಕು, ಯಾವುದು ಬೇಡ ಎಂದು ಸಂಘದವರೇ ಕೂತು ಆರಿಸಿದ್ದಾರೆ. ಬೇಡವಾದವನ್ನು ದಾರ ಹಾಕಿ ಕಟ್ಟಿಟ್ಟಿದ್ದಾರೆ. ಮಕ್ಕಳು ಬರೆಯುವ ಕತೆಯಲ್ಲಿ ಯಾವ ಮನೆಯ ಹೆಸರೂ ಇರುವುದಿಲ್ಲ. ಬರೆದದ್ದನ್ನು ಮೊದಲು ಸಂಘದವರಿಗೆ ಓದಿ ಹೇಳುತ್ತೇವೆ. ಅವರು ತೆಗೆಯಿರಿ ಎಂದದ್ದನ್ನು ತೆಗೆಯುತ್ತೇವೆ. ಇಷ್ಟಾದ ಮೇಲೂ ನಿಮ್ಮ ಮಗುವನ್ನು ಕಳಿಸಲು ಮನಸ್ಸಿಲ್ಲದಿದ್ದರೆ ಕಳಿಸಬೇಡಿ. ಆ ಮಕ್ಕಳಿಗೆ ಶಾಲೆಯಲ್ಲೇ ಬೇರೆ ಕೆಲಸ ಇರುತ್ತದೆ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಮುಂದಿನ ನಾಲ್ಕು ಶನಿವಾರ, ಬೆಳಗಿನ ಶಾಲೆಯ ಕೊನೆಯ ಎರಡು ಪಿರಿಯಡ್ ಅಲ್ಲಿರುತ್ತೇವೆ. ನಾನು ಮತ್ತು ಕನ್ನಡ ಶಿಕ್ಷಕಿ ಇಬ್ಬರೂ ಜೊತೆಗಿರುತ್ತೇವೆ. ಮೊಬೈಲ್ ಕೊಟ್ಟು ಕಳಿಸಬೇಡಿ. ಮನೆಯಲ್ಲಿ ಸಂಘದ ಹಳೇ ಫೋಟೋ ಇದ್ದರೆ ಕೊಡಿ. ಶಾಲೆಯಲ್ಲಿ ಅದರ ಚಿತ್ರ ತೆಗೆದುಕೊಂಡು ಅಂದೇ ವಾಪಸ್ ಕೊಡುತ್ತೇವೆ. ಯಾರ ಮನೆಯಲ್ಲಾದರೂ ಅಜ್ಜಿ ಆ ರೊಟ್ಟಿ ಬಡಿದವರಲ್ಲಿ ಒಬ್ಬರಾಗಿದ್ದರೆ ದಯವಿಟ್ಟು ತಿಳಿಸಿ. ಅವರು ಬರಲಾಗದಿದ್ದರೆ ಮಕ್ಕಳೇ ಮನೆಗೆ ಬರುತ್ತಾರೆ.

ಈ ಪತ್ರದ ಕೆಳಗಿನ ಚೀಟಿಯನ್ನು ಶುಕ್ರವಾರದೊಳಗೆ ಕಳಿಸಿ. ಪ್ರತಿ ಸಲ ತಂದೆಯ ಸಹಿ ಮಾತ್ರ ಬರುತ್ತದೆ. ಈ ಸಲ ತಾಯಿಯ ಸಹಿ ಬೇಕು. ಹೆಬ್ಬೆಟ್ಟಾದರೂ ನಡೆಯುತ್ತದೆ. ಟ್ರಂಕಿನ ಮೊದಲ ಪುಸ್ತಕದ ತುಂಬ ಅದೇ ಇದೆ.

ನಿಮ್ಮ,
ಮುಖ್ಯಗುರು
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಭಾಲ್ಕಿ ತಾಲ್ಲೂಕು, ಬೀದರ್ ಜಿಲ್ಲೆ